ಆರೋಗ್ಯ ಬರಹಕ್ಕೆ ಹೊಣೆಗಾರರ ಹೆಸರಿರಲಿ

ಮಾನ್ಯ ಸಂಪಾದಕರೇ,

ಕನ್ನಡ ದಿನಪತ್ರಿಕೆಗಳ ಜಾಲತಾಣಗಳಲ್ಲಿ ದಿನವೂ ಪ್ರಕಟವಾಗುವ ಆರೋಗ್ಯ ಬರಹಗಳಿಗೆ ಅದೇ ಪತ್ರಿಕೆಗಳ ಮುದ್ರಿತ ಪುಟಗಳಲ್ಲಿ ಕಾಣುವ ಸಂಪಾದಕೀಯ ಬಿಗಿ ಇಲ್ಲ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಔಷಧಿ ಅಂಗಡಿ ನಡೆಸುತ್ತಿರುವ, ನಿಮ್ಮ ಪತ್ರಿಕೆಯನ್ನು ಬಹುಕಾಲದಿಂದ ಓದುತ್ತ ಬಂದಿರುವ ನಾನು ಈ ಮಾತನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ. ಮುದ್ರಿತ ಪುರವಣಿಯಲ್ಲಿ ಲೇಖನ ಬರೆದ ವೈದ್ಯರ ಹೆಸರು, ಅವರ ವಿದ್ಯಾರ್ಹತೆ, ಅವರು ಕೆಲಸ ಮಾಡುವ ಆಸ್ಪತ್ರೆ ಎಲ್ಲವೂ ಇರುತ್ತವೆ. ಜಾಲತಾಣದಲ್ಲಿ ಮಧುಮೇಹಕ್ಕೆ ಮದ್ದು ಹೇಳುವ ಬರಹದ ಮೇಲೆ ‘ಡಿಜಿಟಲ್ ಡೆಸ್ಕ್’ ಎಂದಷ್ಟೇ ಇರುತ್ತದೆ. ಅದನ್ನು ಬರೆದವರು ಯಾರು, ವೈದ್ಯಕೀಯ ತಿಳಿವಳಿಕೆಯುಳ್ಳ ಯಾರಾದರೂ ಪ್ರಕಟಣೆಗೆ ಮುನ್ನ ಓದಿ ಒಪ್ಪಿದ್ದಾರೆಯೇ ಎಂದು ತಿಳಿಯಲು ಓದುಗರಿಗೆ ದಾರಿಯಿಲ್ಲ. ಆದರೆ ಹಳ್ಳಿಯ ಓದುಗರು ಎರಡನ್ನೂ ಒಂದೇ ನಂಬಿಕೆಯಿಂದ ಓದುತ್ತಾರೆ, ಏಕೆಂದರೆ ಎರಡರ ಮೇಲೂ ಇರುವುದು ಪತ್ರಿಕೆಯ ಒಂದೇ ಹೆಸರು.

2025ರ ಮೇ ಕೊನೆಯಿಂದ ಜುಲೈವರೆಗೆ ನಮ್ಮ ಜಿಲ್ಲೆ ಅನುಭವಿಸಿದ್ದನ್ನು ಇಲ್ಲಿ ಹೇಳಲೇಬೇಕು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಆಗ ರಾಜ್ಯದ ತುಂಬ ಹರಡಿತ್ತು. ಪ್ರತಿ ಸಾವಿಗೂ ‘ಮತ್ತೊಂದು ಬಲಿ’ ಎಂಬ ತಲೆಬರಹ ಬರುತ್ತಿತ್ತು, ಜೊತೆಗೆ ಏರುತ್ತ ಹೋಗುವ ಒಂದು ಸಂಖ್ಯೆ. ಹಿಂದಿನ ವರ್ಷಗಳ ಇದೇ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಹೃದಯದ ಕಾಯಿಲೆಯಿಂದ ಎಷ್ಟು ಸಾವುಗಳಾಗಿದ್ದವು ಎಂಬ ಹೋಲಿಕೆ ನಾನು ಓದಿದ ಜಾಲತಾಣದ ವರದಿಗಳಲ್ಲಿ ಇರಲಿಲ್ಲ. ಹೋಲಿಕೆಯಿಲ್ಲದ ಸಂಖ್ಯೆಯಿಂದ ಜನರಿಗೆ ಸಿಕ್ಕಿದ್ದು ಭಯ ಮಾತ್ರ. ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸರತಿ ಸಾಲುಗಳು ಬೆಳೆದವು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗಲೂ ಹೀಗೆಯೇ ಆಗಿತ್ತು. ನಿಜವಾಗಿ ಎದೆನೋವಿನಿಂದ ನರಳುವ ರೋಗಿ ಆರೋಗ್ಯವಂತರ ಸಾಲಿನ ಹಿಂದೆ ನಿಲ್ಲಬೇಕಾದ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಈ ಸಾವುಗಳಿಗೆ ಒಂದು ಕಾರಣವಾಗಿರಬಹುದೆಂದು ಬರೆದರು. ಸರ್ಕಾರದ ಮುಖ್ಯಸ್ಥರ ಮಾತು ಸುದ್ದಿಯಾಗುವುದು ಸಹಜ, ಅದನ್ನು ಪ್ರಕಟಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 19 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲೇ ಪ್ರಕಟಿಸಿದ ಅಧ್ಯಯನವೊಂದು ಅದಾಗಲೇ ಎಲ್ಲರಿಗೂ ಲಭ್ಯವಿತ್ತು. 18ರಿಂದ 45 ವರ್ಷದವರ ಹಠಾತ್ ಸಾವಿನ ಅಪಾಯವನ್ನು ಲಸಿಕೆ ಹೆಚ್ಚಿಸಿಲ್ಲವೆಂದೂ, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿದ ಮದ್ಯಪಾನ ಅಥವಾ ವಿಪರೀತ ದೈಹಿಕ ಶ್ರಮ ಇಂಥವು ಅಪಾಯವನ್ನು ಹೆಚ್ಚಿಸಿದ್ದವೆಂದೂ ಅದು ಹೇಳಿತ್ತು. ಆರೋಗ್ಯದ ಸುದ್ದಿಯಲ್ಲಿ ಯಾರೇ ಒಂದು ಕಾರಣ ಹೇಳಿದರೂ, ಅದೇ ವಿಷಯದಲ್ಲಿ ನಡೆದಿರುವ ಅಧ್ಯಯನ ಏನು ಹೇಳುತ್ತದೆಂದು ಅದೇ ಸುದ್ದಿಯ ಒಳಗೆ, ಮೊದಲ ಕೆಲವು ಸಾಲುಗಳಲ್ಲೇ ಇರಬೇಕೆಂಬುದು ನನ್ನ ಕೋರಿಕೆ. ಮರುದಿನ ಇನ್ನೊಂದು ಸುದ್ದಿಯಾಗಿ ಬರುವ ಸ್ಪಷ್ಟನೆ ಮೊದಲನೆಯದನ್ನು ಓದಿದವರನ್ನೆಲ್ಲ ತಲುಪುವುದಿಲ್ಲ.

ಈ ಸಾವುಗಳನ್ನು ಪರಿಶೀಲಿಸಿದ, ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಜುಲೈ ತಿಂಗಳಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ 20ರಲ್ಲಿ 10 ಮಾತ್ರ ಖಚಿತಪಟ್ಟಿದ್ದವು, ಇನ್ನು 10 ಹೃದಯಾಘಾತವೆಂದು ಊಹಿಸಬಹುದಾದವು. ಧೂಮಪಾನ, ಮದ್ಯಪಾನ, ಅಧಿಕ ರಕ್ತದೊತ್ತಡ, ಮಧುಮೇಹ ಇವೇ ಕಾರಣಗಳೆಂದೂ, ಮೃತರಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರ ಪಾಲು ಗಮನಾರ್ಹವೆಂದೂ ವರದಿಯಲ್ಲಿತ್ತು. ಚಾಲಕರ ಕುರಿತ ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ನಿದ್ದೆಗೆಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಬೀಡಿ ಸೇದುತ್ತ ಗಾಡಿ ಓಡಿಸುವವರು ತಮ್ಮ ಬಿಪಿ ಎಷ್ಟಿದೆ ಎಂದು ವರ್ಷಕ್ಕೊಮ್ಮೆಯೂ ನೋಡಿಸಿಕೊಳ್ಳುವುದಿಲ್ಲ. ಅವರಿಗಾಗಿ ಬರೆಯಬೇಕಾದ ಹತ್ತು ಲೇಖನಗಳು ಆ ವರದಿಯಲ್ಲಿದ್ದವು. ‘ಬಲಿ’ಯ ಲೆಕ್ಕಕ್ಕೆ ದೊರೆತ ಜಾಗದಲ್ಲಿ ಒಂದು ಪಾಲೂ ಆ ಲೇಖನಗಳಿಗೆ ದೊರೆಯಲಿಲ್ಲ.

ಆ ದಿನಗಳಲ್ಲಿ ಜನರಿಗೆ ನಿಜವಾಗಿ ಉಪಯೋಗಕ್ಕೆ ಬರಬಹುದಾಗಿದ್ದ ಮಾಹಿತಿ ಇನ್ನೂ ಒಂದಿತ್ತು. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಆ ಚುಚ್ಚುಮದ್ದಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಎದೆನೋವು ಬಂದವರು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂಬ ಈ ಸರಳ ವಿಷಯದ ಬದಲು ಜನರ ಮೊಬೈಲುಗಳಲ್ಲಿ ಓಡಾಡಿದ್ದು ‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ’ ಎಂಬ ಸಲಹೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಜನಸಾಮಾನ್ಯರು ಇದನ್ನು ಅನುಸರಿಸುವುದನ್ನು ಅನುಮೋದಿಸಿಲ್ಲ. ಕೆಮ್ಮುತ್ತ ಕುಳಿತವರು ಕಳೆದುಕೊಳ್ಳುವುದು ಆಸ್ಪತ್ರೆ ತಲುಪಬೇಕಾದ ಅಮೂಲ್ಯ ಹೊತ್ತನ್ನು.

ಭಯ ಹುಟ್ಟಿಸುವ ಬರಹಗಳಷ್ಟೇ ಹಾನಿಯನ್ನು ಭರವಸೆ ಹುಟ್ಟಿಸುವ ಬರಹಗಳೂ ಮಾಡುತ್ತವೆ, ಅದೂ ಸದ್ದಿಲ್ಲದೆ. ನಮ್ಮ ಅಂಗಡಿಗೆ ತಪ್ಪದೆ ಬರುವ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಒಂದು ಸಲ ಚೀಟಿ ಚಾಚಿ, “ಅಣ್ಣಾ, ಈ ಸಲ ಬಿಪಿ ಮಾತ್ರೆ ಅಷ್ಟೇ ಕೊಡಿ, ಶುಗರ್‌ದು ಬೇಡ” ಎಂದರು. ಕಾರಣ ಕೇಳಿದಾಗ ಮೊಬೈಲ್ ತೆಗೆದು ಪತ್ರಿಕೆಯೊಂದರ ಜಾಲತಾಣದ ಬರಹವನ್ನು ತೋರಿಸಿದರು. ದಿನಕ್ಕೊಂದು ಇನ್ಸುಲಿನ್ ಗಿಡದ ಎಲೆ ಜಗಿದರೆ ಸಕ್ಕರೆ ಕಾಯಿಲೆ ಮಾಯವಾಗುತ್ತದೆಂದು ಅದರ ತಲೆಬರಹ ಹೇಳುತ್ತಿತ್ತು. ಅವರ ಹಿತ್ತಿಲಲ್ಲಿ ಆ ಗಿಡವಿತ್ತು, ಎಲೆ ಜಗಿಯತೊಡಗಿ ಎರಡು ವಾರ ಕಳೆದಿತ್ತು. ಮಾತ್ರೆ ನಿಲ್ಲಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಒತ್ತಾಯ ಮಾಡಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆ. ರಕ್ತದ ಸಕ್ಕರೆ ಅಂಶ 300 ದಾಟಿತ್ತು. ಆ ಬರಹವನ್ನು ನಾನು ಪೂರ್ತಿ ಓದಿದೆ. ಇಲಿಗಳ ಮೇಲೆ ನಡೆದ ಪ್ರಯೋಗದ ಸಂಗತಿ ಕೆಳಗಿನ ಒಂದು ಪ್ಯಾರಾದಲ್ಲಿತ್ತು. ‘ಮಾತ್ರೆ ನಿಲ್ಲಿಸಬೇಡಿ’ ಎಂಬ ಎರಡು ಪದಗಳು ಎಲ್ಲಿಯೂ ಇರಲಿಲ್ಲ.

ಅಂಥ ಬರಹಗಳ ಕೊನೆಯಲ್ಲಿ ಸಣ್ಣ ಅಕ್ಷರದ ಸೂಚನೆಯೊಂದು ಇರುತ್ತದೆ: ಈ ಮಾಹಿತಿ ಸಾಮಾನ್ಯ ನಂಬಿಕೆಗಳನ್ನು ಆಧರಿಸಿದೆ, ಪತ್ರಿಕೆ ಇದನ್ನು ಖಚಿತಪಡಿಸುವುದಿಲ್ಲ, ತಜ್ಞರ ಸಲಹೆ ಪಡೆಯಿರಿ. ಇದೇ ಅರ್ಥದ ಸೂಚನೆಯನ್ನು ರಾಶಿಭವಿಷ್ಯದ ಕೆಳಗೂ ನೋಡಿದ್ದೇನೆ. ಖಚಿತಪಡಿಸಿಕೊಳ್ಳದ ಮಾಹಿತಿಯನ್ನು ಪತ್ರಿಕೆ ಪ್ರಕಟಿಸುವುದಾದರೂ ಏಕೆ? ಊರಿನ ಗ್ರಾಮ ಪಂಚಾಯಿತಿಯ ಮೇಲೆ ಆರೋಪ ಬಂದರೆ ಎರಡೂ ಕಡೆಯವರನ್ನು ಕೇಳದೆ ವರದಿಗಾರರು ಸುದ್ದಿ ಕಳುಹಿಸುವುದಿಲ್ಲ, ಉಪಸಂಪಾದಕರು ಅದನ್ನು ಬಿಡುವುದೂ ಇಲ್ಲ. ಓದುಗರ ಹೊಟ್ಟೆಗೆ ಸೇರುವ ಪದಾರ್ಥದ ಬಗೆಗಿನ ಬರಹಕ್ಕೆ ಅಷ್ಟಾದರೂ ವಿಚಾರಣೆ ಬೇಡವೇ? ಆ ಸೂಚನೆ ಪತ್ರಿಕೆಯನ್ನು ಕಾಪಾಡಬಹುದು, ಓದುಗರನ್ನು ಕಾಪಾಡುವುದಿಲ್ಲ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇಷ್ಟು. ಜಾಲತಾಣದ ಪ್ರತಿಯೊಂದು ಆರೋಗ್ಯ ಬರಹದ ತಲೆಯಲ್ಲೇ ಬರೆದವರ ಹೆಸರು ಮತ್ತು ಅದನ್ನು ಪರಿಶೀಲಿಸಿದ ವೈದ್ಯರ ಹೆಸರು, ವಿದ್ಯಾರ್ಹತೆ ಇರಬೇಕು. ಅಲೋಪಥಿಯಾಗಲಿ ಆಯುರ್ವೇದವಾಗಲಿ, ಆಯಾ ಪದ್ಧತಿಯಲ್ಲಿ ನೋಂದಾಯಿತರಾದವರೇ ಪರಿಶೀಲಿಸಬೇಕು. ಕೊನೆಯ ಬಾರಿ ಪರಿಶೀಲಿಸಿದ ದಿನಾಂಕವೂ ಇರಬೇಕು, ಏಕೆಂದರೆ ಐದಾರು ವರ್ಷದ ಹಿಂದಿನ ಬರಹ ಫೇಸ್‌ಬುಕ್‌ನಲ್ಲಿ ಇಂದಿನದರಂತೆ ಮತ್ತೆ ಏಳುತ್ತದೆ. ಅಧ್ಯಯನವೊಂದನ್ನು ಉಲ್ಲೇಖಿಸಿದರೆ ಅದು ಪ್ರಾಣಿಗಳ ಮೇಲೆ ನಡೆದದ್ದೋ ಮನುಷ್ಯರ ಮೇಲೋ, ಎಷ್ಟು ಮಂದಿಯ ಮೇಲೆ ಎಂಬುದು ತಲೆಬರಹದ ಹತ್ತಿರವೇ ತಿಳಿಯಬೇಕು. ವಿವಾದವಿರುವ ಕಡೆ ಎರಡೂ ಪಕ್ಷಗಳನ್ನು ಹೇಳಬೇಕು. ಅಮೃತಬಳ್ಳಿಯ ವಿಷಯವನ್ನೇ ನೋಡಿ. ಕೋವಿಡ್ ಕಾಲದಲ್ಲಿ ಅದರ ಕಷಾಯ ಮನೆಮನೆಯಲ್ಲಿ ಕುದಿಯುತ್ತಿತ್ತು. ಅದನ್ನು ಸೇವಿಸಿದ್ದ 6 ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿಯೂ ಆಗಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಇಷ್ಟನ್ನೂ ಒಂದೇ ಬರಹದಲ್ಲಿ ಹೇಳಿದರೆ ಓದುಗರು ಗೊಂದಲಕ್ಕೆ ಬೀಳುವುದಿಲ್ಲ. ಯಕೃತ್ತಿನ ತೊಂದರೆ ಮೊದಲೇ ಇದ್ದವರು ಕಷಾಯಕ್ಕೆ ಮುನ್ನ ವೈದ್ಯರನ್ನು ಕೇಳುತ್ತಾರೆ, ಅಷ್ಟೇ.

ಜಾಹೀರಾತಿನ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪ್ರಕಾರ ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವಂತಿಲ್ಲ. ಜಾಹೀರಾತಾಗಿ ಬಂದರೆ ಅಪರಾಧವಾಗುವ ಅದೇ ಮಾತನ್ನು ‘ಮನೆಮದ್ದು’ ಎಂಬ ಅಂಕಣದಲ್ಲಿ ಬರಹವಾಗಿ ಕೊಡುವುದು ಪತ್ರಿಕಾಧರ್ಮಕ್ಕೆ ಒಪ್ಪುವುದಿಲ್ಲ. ಆರೋಗ್ಯದ ಬಗ್ಗೆ ಜಾಲತಾಣಗಳಲ್ಲಿ ಸಲಹೆ ಕೊಡುವ ಖ್ಯಾತನಾಮರು ಮತ್ತು ಇನ್‌ಫ್ಲುಯೆನ್ಸರ್‌ಗಳು ತಾವು ವೈದ್ಯರ ಸಲಹೆಗೆ ಪರ್ಯಾಯವಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು, ವೈದ್ಯರಾದರೆ ತಮ್ಮ ಅರ್ಹತೆಯನ್ನು ತಿಳಿಸಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ರೀಲ್ಸ್ ಮಾಡುವವರಿಗೆ ಇರುವ ಕಟ್ಟುಪಾಡಿಗಿಂತ ಸಡಿಲವಾದುದು ಒಂದು ಪತ್ರಿಕೆಗೆ ಸಲ್ಲದು. ಬರಹದ ನಡುವೆ ಬರಹದಂತೆಯೇ ಕಾಣುವ ಮಂಡಿನೋವಿನ ಎಣ್ಣೆ, ತೂಕ ಇಳಿಸುವ ಪುಡಿಯ ಪೆಟ್ಟಿಗೆಗಳ ಮೇಲೆ ‘ಜಾಹೀರಾತು’ ಎಂದು ಓದಲು ಬರುವಷ್ಟು ದೊಡ್ಡದಾಗಿ ಬರೆಯಿಸಿ.

ತಪ್ಪಾದಾಗ ತಿದ್ದುವ ಕ್ರಮದ ಬಗ್ಗೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಎತ್ತಿದ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ದಾರಿತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ ಪತಂಜಲಿ ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿದ್ದಾಗಿ ಹೇಳಿದಾಗ, ಆ ಕ್ಷಮಾಪಣೆ ನೀವು ಕೊಡುತ್ತಿದ್ದ ಜಾಹೀರಾತುಗಳಷ್ಟೇ ದೊಡ್ಡದಾಗಿತ್ತೇ ಎಂದು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಅಹ್ಸಾನುದ್ದೀನ್ ಅಮಾನುಲ್ಲಾ ಅವರ ಪೀಠ ಕೇಳಿತು. ಅದೇ ಅಳತೆಗೋಲು ಸಂಪಾದಕೀಯ ವಿಭಾಗಕ್ಕೂ ಇರಲಿ. ತಪ್ಪು ಬರಹವನ್ನು ಮಾತಿಲ್ಲದೆ ಅಳಿಸಿಹಾಕುವುದು ತಿದ್ದುಪಡಿಯಾಗದು, ಓದಿದವರ ಮನಸ್ಸಿನಲ್ಲಿ ಅದು ಉಳಿದೇ ಇರುತ್ತದೆ. ಅದು ಮೊಬೈಲಿಗೆ ನೋಟಿಫಿಕೇಶನ್ ಆಗಿ ಹೋಗಿದ್ದರೆ ತಿದ್ದುಪಡಿಯೂ ನೋಟಿಫಿಕೇಶನ್ ಆಗಿಯೇ ಹೋಗಬೇಕು. ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಹಂಚಿದ್ದರೆ ಅಲ್ಲಿಯೇ ಬರಬೇಕು. ಮೂಲ ಪುಟದ ನೆತ್ತಿಯ ಮೇಲೆ ಏನು ತಪ್ಪಾಗಿತ್ತು, ಸರಿಯಾದುದೇನು ಎಂದು ಇರಬೇಕು.

ಜಾಲತಾಣದ ವಿಭಾಗದಲ್ಲಿ ದುಡಿಯುವ ಯುವ ಪತ್ರಕರ್ತರನ್ನು ದೂರುವ ಉದ್ದೇಶ ನನಗಿಲ್ಲ. ಒಂದು ಪಾಳಿಯಲ್ಲಿ ಇಷ್ಟು ಬರಹ ಹಾಕಲೇಬೇಕೆಂಬ ಒತ್ತಡ ಇರುವಲ್ಲಿ ಯಾರಿಗೂ ವೈದ್ಯರಿಗೆ ಫೋನ್ ಮಾಡಲು ಬಿಡುವಿರುವುದಿಲ್ಲ. ದಿನಕ್ಕೆ ಹತ್ತರ ಬದಲು ಎರಡೇ ಆರೋಗ್ಯ ಬರಹ ಬರಲಿ. ಇಂಗ್ಲಿಷ್ ತಾಣಗಳಿಂದ ಅವಸರದಲ್ಲಿ ಅನುವಾದವಾಗಿ ಬರುವ ಓಟ್ಸ್, ಅವಕಾಡೊಗಳ ಪಟ್ಟಿ ನಮ್ಮ ಕಡೆಯವರಿಗೆ ಬೇಕಾಗಿಯೂ ಇಲ್ಲ. ಮಧುಮೇಹವಿದ್ದವರು ರಾಗಿ ಮುದ್ದೆಯನ್ನು ಎಷ್ಟು ಉಣ್ಣಬಹುದು, ಹಬ್ಬದ ದಿನ ಹೋಳಿಗೆ ತಿಂದರೆ ಮಾತ್ರೆಯನ್ನು ಏನು ಮಾಡಬೇಕು ಎಂದು ಅಂಗಡಿಯಲ್ಲಿ ದಿನವೂ ಕೇಳುವವರಿದ್ದಾರೆ. ನಿಯಮ ಕಟ್ಟಿಕೊಳ್ಳುವುದು ಪತ್ರಿಕಾರಂಗಕ್ಕೆ ಹೊಸದೂ ಅಲ್ಲ. ಆತ್ಮಹತ್ಯೆಯ ಸುದ್ದಿಯನ್ನು ಹೇಗೆ ಬರೆಯಬೇಕೆಂದು ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಅಂಗೀಕರಿಸಿದ ಮೇಲೆ ಹಲವು ಕನ್ನಡ ಪತ್ರಿಕೆಗಳ ಭಾಷೆಯಲ್ಲಿ ಎಚ್ಚರ ಕಾಣತೊಡಗಿದೆ, ಸಹಾಯವಾಣಿಯ ಸಂಖ್ಯೆಯೂ ಬರುತ್ತಿದೆ. ಆರೋಗ್ಯ ಬರಹಕ್ಕೆ ಅಂಥದೇ ನಿಯಮಾವಳಿಯನ್ನು ನಿಮ್ಮ ಪತ್ರಿಕೆಯೇ ಬರೆದು, ಎಲ್ಲರೂ ಓದುವಂತೆ ಜಾಲತಾಣದಲ್ಲಿ ಪ್ರಕಟಿಸಲಿ ಎಂದು ವಿನಂತಿಸುತ್ತೇನೆ.

ಎಲ್ಲವನ್ನೂ ಒಟ್ಟಿಗೆ ಮಾಡುವುದು ಕಷ್ಟವಾದರೆ, ನಿಮ್ಮ ಜಾಲತಾಣದಲ್ಲಿ ಈಗಾಗಲೇ ಇರುವ ಹಳೆಯ ಬರಹಗಳಿಂದ ಆರಂಭಿಸಬಹುದು. ಮಾತ್ರೆ ನಿಲ್ಲಿಸಿದರೆ ಅಪಾಯ ತರುವ ಮಧುಮೇಹ, ರಕ್ತದೊತ್ತಡ, ಮೂರ್ಛೆರೋಗಗಳ ಬರಹಗಳನ್ನೂ, ಒಂದು ಗಂಟೆಯ ವಿಳಂಬವೂ ಜೀವಕ್ಕೆರವಾಗುವ ಹಾವು ಕಡಿತ, ಎದೆನೋವಿನ ಬರಹಗಳನ್ನೂ ಮೊದಲು ವೈದ್ಯರಿಗೆ ತೋರಿಸಿ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಸಿನ, ಖಾರದ ಪುಡಿ ಹಚ್ಚಿಕೊಂಡು ಅಂಗಡಿಗೆ ಬರುವವರು ಇಂದಿಗೂ ಇದ್ದಾರೆ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಜಾಲತಾಣದಲ್ಲಿ ನಾಯಿ ಕಡಿತದ ಬಗ್ಗೆ ಇರುವ ಪ್ರತಿ ಬರಹದ ಮೊದಲ ಸಾಲಾಗಿ ಈ ಮಾತು ಬಂದು, ಅದರ ಕೆಳಗೆ ಅದನ್ನು ಪರಿಶೀಲಿಸಿದ ವೈದ್ಯರ ಹೆಸರು ಮತ್ತು ದಿನಾಂಕ ಇರಲಿ.

ಇತಿ ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯ ಒಬ್ಬ ಓದುಗ,
ಹಾಸನ ಜಿಲ್ಲೆ