ಹೆದ್ದಾರಿ ಅಗಲೀಕರಣಕ್ಕೆ ತಕರಾರು, ನಿಮ್ಮ ಕಚೇರಿಯ ನಡವಳಿಕೆ ಬಗ್ಗೆ ದೂರು

ಗೆ,
ಯೋಜನಾ ವ್ಯವಸ್ಥಾಪಕರು,
ರಸ್ತೆ ಸರ್ವೆ ಗುತ್ತಿಗೆ ಹಿಡಿದ ಕಂಪನಿ, ಕಲಬುರಗಿ.

ವಿಷಯ: ಹುಮನಾಬಾದ್ ಕಡೆಯ ರಸ್ತೆ ನಾಲ್ಕು ಪಥ ಮಾಡುವ ಬಗ್ಗೆ.

ಮಾನ್ಯರೇ,

ಫೋನ್ ಮಾಡಿ ಸಾಕಾಗಿದೆ. ಎತ್ತಿದವರೆಲ್ಲ "ಸಾಹೇಬ್ರು ಸೈಟಿಗೆ ಹೋಗ್ಯಾರ" ಅನ್ನುತ್ತಾರೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಿಮ್ಮ ಹುಡುಗರು ನನ್ನ ತೊಗರಿ ಹೊಲದೊಳಗೆ ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದು ಹೋದರು. ಅಲ್ಲೇ ಕಳೆ ತೆಗೆಯುತ್ತಿದ್ದ ಅವ್ವನನ್ನು ಒಂದು ಮಾತೂ ಕೇಳಲಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ನಿಮಗೆ ಗೊತ್ತೇ ಇರುತ್ತದೆ. ಮೊದಲು 3ಎ ಅಧಿಸೂಚನೆ, ಅಂದರೆ ಭೂಮಿ ತೆಗೆದುಕೊಳ್ಳುತ್ತೇವೆ ಅನ್ನುವ ಸರ್ಕಾರದ ಪ್ರಕಟಣೆ, ಆಮೇಲೆ ಅಳತೆ. ಅಧಿಸೂಚನೆಯ ಸಾರ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಇಲ್ಲಿನ ಭಾಷೆಯದ್ದಾಗಿರಬೇಕು. ತಕರಾರು ಕೊಡಲು 21 ದಿನ ಇರುತ್ತದೆ. ತಕರಾರು ಕೊಟ್ಟವರ ಮಾತನ್ನು ಅಧಿಕಾರಿ ಕೂತು ಕೇಳಬೇಕು. ಇದರಲ್ಲಿ ಯಾವುದು ನಡೆದಿದೆ?

ರಸ್ತೆ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಚಿಂತೆ ನೀರಿನದು. ನಮ್ಮದು ಎರೆ ಭೂಮಿ, ಮಳೆ ನೀರು ಬೇಗ ಇಂಗುವುದಿಲ್ಲ. ಮೇಲಿನ ಹೊಲಗಳ ನೀರೆಲ್ಲ ರಸ್ತೆ ಕೆಳಗಿನ ಹಳೇ ಮೋರಿಯಿಂದ ಹಳ್ಳಕ್ಕೆ ಹೋಗುತ್ತದೆ. ರಸ್ತೆ ಎತ್ತರಿಸಿ ಆ ಮೋರಿ ಮುಚ್ಚಿದರೆ ನೀರು ಹೊಲದಲ್ಲೇ ನಿಲ್ಲುತ್ತದೆ. ತೊಗರಿ ಬರ ತಾಳುತ್ತದೆ, ನಿಂತ ನೀರು ತಾಳುವುದಿಲ್ಲ. ಬೇರು ಕೊಳೆತು ಗಿಡ ನಿಂತಲ್ಲೇ ಒಣಗುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಈ ನೆಲದ್ದೇ ಬೆಳೆ ಅನ್ನುವ ಜಿಐ ಟ್ಯಾಗ್ ಸಿಕ್ಕಾಗ ಎಷ್ಟು ಹೆಮ್ಮೆಪಟ್ಟಿದ್ದೆವು! ಆ ತೊಗರಿ ಬೆಳೆಯುವುದು ಇಂಥ ಹೊಲಗಳಲ್ಲೇ ಅಲ್ವಾ?

ಇದನ್ನು ಹೇಳಲಿಕ್ಕೇ ತಮ್ಮನ ಮಗನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ಮೂರು ಕುರ್ಚಿ ಖಾಲಿ ಇದ್ದವು. ಕೂಡ್ರಿ ಅಂತ ಯಾರೂ ಅನ್ನಲಿಲ್ಲ.

"ನಕ್ಷೆ ತೋರಿಸ್ರಿ ಸಾಹೇಬ್ರ" ಅಂತ ಅಲ್ಲಿ ಕೂತಿದ್ದ ನಿಮ್ಮ ಸಿಬ್ಬಂದಿಗೆ ಅಂದೆ.

"ತೋರಿಸಿದ್ರ ನಿಮಗ ತಿಳೀತದೇನು?"

"ನಮ್ಮ ಹೊಲ ನಮಗ ತಿಳೀದೇನ್ರಿ?"

ಬೇಸರದಿಂದಲೇ ಲ್ಯಾಪ್‌ಟಾಪ್ ತಿರುಗಿಸಿದರು. ಹಳ್ಳದ ಗೆರೆ ಇತ್ತು, ಮೋರಿ ಇರಲಿಲ್ಲ. "ಇಲ್ಲೇ ಮೋರಿ ಅದ ನೋಡ್ರಿ" ಅಂತ ಪರದೆ ಮೇಲೆ ಬೆರಳಿಟ್ಟೆ. ಅವರು ಮಾತಾಡಲಿಲ್ಲ. ಜೇಬಿನಿಂದ ಕರ್ಚೀಫ್ ತೆಗೆದು, ನಾನು ಮುಟ್ಟಿದ ಜಾಗ ಒರೆಸಿದರು. ಒಮ್ಮೆ ಒರೆಸಿ, ಬಾಯಿಂದ ಊದಿ, ಮತ್ತೆ ಒರೆಸಿದರು. ಆಮೇಲೆ "ಪೇಪರಿನ್ಯಾಗ ಬಂದಿತ್ತು, ನೀವು ಓದಲಿಲ್ಲಂದ್ರ ನಾವೇನು ಮಾಡೂಣು" ಅಂದರು. ಯಾವ ಪೇಪರು, ಯಾವ ತಾರೀಖು ಅಂತ ಕೇಳಿದರೆ ಉತ್ತರ ಇಲ್ಲ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನ ಮುಖ ನೋಡಲಿಲ್ಲ. ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಇನ್ನು ಡಿವೈಡರ್. ಊರು ಈ ಕಡೆ, ಶಾಲೆ ಆ ಕಡೆ. ದಾಟಲು ಜಾಗ ಬಿಡದಿದ್ದರೆ ಮಕ್ಕಳು ಡಿವೈಡರ್ ಹತ್ತಿಯೇ ದಾಟುತ್ತಾರೆ. ಅಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

15 ದಿನದೊಳಗೆ ಊರಿಗೆ ಬನ್ನಿ. ಕನ್ನಡದಲ್ಲಿ ಬರೆದ ನಕ್ಷೆ ತನ್ನಿ. ಮೋರಿ ಎಲ್ಲಿದೆ ಅಂತ ನಾವೇ ತೋರಿಸುತ್ತೇವೆ. ಬರದಿದ್ದರೆ ಈ ಪತ್ರದ ನಕಲು ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ, ವಕೀಲರ ಜೊತೆ ಮಾತಾಡಿಯೂ ಆಗಿದೆ. ಅಲ್ಲಿಯವರೆಗೆ ನಿಮ್ಮ ಜೆಸಿಬಿ ನಮ್ಮ ಬದು ದಾಟಲು ಊರಿನವರು ಯಾರೂ ಬಿಡುವುದಿಲ್ಲ.

ಇಂತಿ,
ಹೆದ್ದಾರಿ ಬದಿಯ ರೈತ