ಬರೀ ಎರಿ ಹೊಲ, 12 ಫೋಟೋ

ಕಳೆದ ವಾರ ನಮ್ಮ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಮುಗಿಯಿತು. ವರಾಂಡದಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ನನ್ನ 12 ಫೋಟೋ ತೂಗುಹಾಕಿದ್ದರು. ಕೈಗೆ ಮೈಕ್ ಕೊಟ್ಟು "ಎರಡು ಮಾತು ಹೇಳು" ಅಂದರು. ನಾನು "ಎಲ್ಲರಿಗೂ ಧನ್ಯವಾದ" ಅಂದು ಕೆಳಗಿಳಿದೆ. ಲೆಕ್ಕಕ್ಕೆ ಎರಡೇ ಮಾತು. ಆದರೆ ಯಾರಿಗೆ, ಯಾಕೆ ಅಂತ ಹೇಳಲೇ ಇಲ್ಲ. ಮನೆಗೆ ಬಂದ ಮೇಲೆ ಅದೇ ಚುಚ್ಚತೊಡಗಿತು. ಅದಕ್ಕೆ ಈ ಬರಹ.

ನಮ್ಮೂರು ಗದಗದಿಂದ 15 ಕಿಲೋಮೀಟರ್. ಜೂನ್‌ನಲ್ಲಿ ಒಂಬತ್ತನೇ ಕ್ಲಾಸು ಶುರುವಾದಾಗ ಡ್ರಾಯಿಂಗ್ ಸರ್ ನಾಲ್ಕು ಜನಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟರು. ಒಂದೇ ಜಾಗ ಆರಿಸಿಕೊಳ್ಳಬೇಕು. ಫೆಬ್ರವರಿವರೆಗೂ ಅದೇ ಜಾಗದ ಫೋಟೋ ತೆಗೆಯಬೇಕು. ಒಬ್ಬ ಲಕ್ಕುಂಡಿ ಅಂದ. ಇನ್ನೊಬ್ಬಳು ಗದಗದ ತ್ರಿಕೂಟೇಶ್ವರ ಗುಡಿ ಅಂದಳು. ಮತ್ತೊಬ್ಬ ಭೀಷ್ಮ ಕೆರೆ ಹಿಡಿದ. ನಾನು ನಮ್ಮ ಆಯಿಯ (ಅಜ್ಜಿಯ) ಹೊಲ ಅಂದೆ. ಪ್ರೀತಿಯಿಂದ ಏನಲ್ಲ. ಬೆಳಿಗ್ಗೆ ಆರಕ್ಕೆ ನಮ್ಮೂರಿಂದ ಎಲ್ಲಿಗೂ ಬಸ್ ಇಲ್ಲ. ಹೊಲಕ್ಕೆ ನಡೆದು ಹೋಗಬಹುದಿತ್ತು, ಅಷ್ಟೇ.

ನಮ್ಮ ಕಡೆ ಬಂದವರಿಗೆ ಗೊತ್ತು. ಸಪಾಟ ನೆಲ. ಕಣ್ಣು ಹರಿಯುವಷ್ಟು ದೂರ ಎರಿ, ಅಂದರೆ ಕಪ್ಪು ಮಣ್ಣು. ಬದುವಿನಲ್ಲಿ ಒಂದೆರಡು ಜಾಲಿ ಗಿಡ. ದಕ್ಷಿಣಕ್ಕೆ ಕಪ್ಪತಗುಡ್ಡದ ಗೆರೆ, ಅದರ ಮೇಲೆ ಗಾಳಿ ಫ್ಯಾನುಗಳು. ಆ ಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು, ಅದರ ಫೋಟೋ ಬೇಕಾದಷ್ಟು ಸಿಗುತ್ತವೆ. ಗುಡ್ಡದ ಕೆಳಗಿನ ಹೊಲಗಳನ್ನು ಯಾರು ತೆಗೆಯುತ್ತಾರೆ? "ಏನ್ ತಗೀತಿಯವಾ ಅಲ್ಲಿ, ಬರೀ ಎರಿ ಐತಿ" ಅಂತ ಓಣಿಯವರೆಲ್ಲ ನಕ್ಕರು. ನನಗೂ ಹಾಗೇ ಅನ್ನಿಸಿತ್ತು.

ಮೊದಲ ಥ್ಯಾಂಕ್ಸ್ ಡ್ರಾಯಿಂಗ್ ಸರ್‌ಗೆ. ಅಪ್ಪನ ಮೊಬೈಲ್‌ನಲ್ಲಿ ತೆಗೆದ ನನ್ನ ಮೊದಲ ಫೋಟೋದಲ್ಲಿ ಅರ್ಧ ಆಕಾಶ ಇತ್ತು, ಅರ್ಧ ನೆಲ. ಸರ್ ಅಂಗೈಯಿಂದ ಆಕಾಶ ಮುಚ್ಚಿದರು. "ಇದು ಹೋದ್ರ ಏನರ ಹೋಗತೈತೇನು?" ಇಲ್ಲ ಸರ್ ಅಂದೆ. ಕೈ ಸರಿಸಿ ನೆಲ ಮುಚ್ಚಿದರು. "ಈಗ?" ಇಲ್ಲ ಸರ್. "ಮತ್ತ ಇಷ್ಟ್ಯಾಕ ತಗದಿ?" ಅಂದು ಮೊಬೈಲ್ ವಾಪಸ್ ಕೊಟ್ಟರು. ಅವತ್ತು ಅಳು ಬಂದಿತ್ತು. ಈಗ ನಾನೇ ಪ್ರತಿ ಫೋಟೋದ ಮೇಲೂ ಅಂಗೈ ಇಟ್ಟು ನೋಡುತ್ತೇನೆ. ಮುಚ್ಚಿದಾಗ ಏನೂ ಕಳೆಯದಿದ್ದರೆ ಆ ಭಾಗ ಅಲ್ಲಿ ಸುಮ್ನೆ ಇದೆ ಅಂತ ಅರ್ಥ.

ನೆಲ ಬೇಕು, ಆಕಾಶ ಅಷ್ಟು ಬೇಡ ಅಂತ ತೀರ್ಮಾನಿಸಿ ಕ್ಯಾಮೆರಾ ಕೆಳಕ್ಕೆ ಬಗ್ಗಿಸಿದೆ. ಆಗ ಹೊಸ ತಲೆನೋವು ಶುರುವಾಯಿತು. ಜುಲೈ ಮಳೆ ಬಿದ್ದ ಮರುದಿನ ಎರಿ ಎಷ್ಟು ಕಪ್ಪಗಿರುತ್ತದೆ ಅಂದರೆ, ಹೆಂಚಿನ ತಳ ನೋಡಿದ ಹಾಗೆ. ಫೋಟೋದಲ್ಲಿ ಮಾತ್ರ ಒಲೆಯ ಬೂದಿ. ಹತ್ತು ತೆಗೆದರೆ ಹತ್ತೂ ಬೂದಿ.

ಇದನ್ನು ಬಿಡಿಸಿದವರು ನಮ್ಮೂರ ಸ್ಟುಡಿಯೋ ಕಾಕಾ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್ ಮಾಡುವವರು. "ತಂಗಿ, ಕ್ಯಾಮೆರಾಕ್ಕ ಕರಿ ಯಾವ್ದು ಬಿಳಿ ಯಾವ್ದು ತಿಳಿಯಂಗಿಲ್ಲ. ಮುಂದ ಏನ ಇದ್ರೂ ಬೂದಿ ಬಣ್ಣ ಅಂತ ತಿಳ್ಕೊಂತೈತಿ" ಅಂದರು. ಕರಿ ಕೋಟು ಹಾಕಿದ ಮದುಮಗನನ್ನು ಹತ್ತಿರದಿಂದ ತೆಗೆದರೆ ಕೋಟು ಬೂದಿಯಾಗುತ್ತದೆಯಂತೆ. ಬಿಳಿ ಧೋತರದ ಬೀಗರು ಮಾಸಲಾಗಿ ಬರುತ್ತಾರಂತೆ. ಕೋಟು ಇದ್ದರೆ ಬೆಳಕು ಇಳಿಸು, ಧೋತರ ಇದ್ದರೆ ಏರಿಸು. ಇದು 30 ವರ್ಷ ಮದುವೆ ತೆಗೆದವರ ಲೆಕ್ಕ. ಎಕ್ಸ್‌ಪೋಶರ್ (ಬೆಳಕಿನ ಅಳತೆ) ಮೈನಸ್ ಒಂದು ಮಾಡಿ ತೆಗೆದೆ. ಎರಿ ಎರಿಯಾಗಿಯೇ ಬಂತು! ನೇಗಿಲು ಮಗುಚಿದ ಹೆಂಟೆಯ ಮೇಲಿನ ಹೊಳಪೂ ಕಂಡಿತು.

ಸರ್‌ಗೆ ಹೇಳಿದೆ. ಅವರು ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಬಗ್ಗೆ ಹೇಳಿದರು. 1940ರ ಹೊತ್ತಿಗೆ ಆತ ಮತ್ತು ಫ್ರೆಡ್ ಆರ್ಚರ್ ಸೇರಿ ಕಡುಗಪ್ಪಿನಿಂದ ಅಚ್ಚ ಬಿಳಿಯವರೆಗೆ ಸೊನ್ನೆಯಿಂದ ಹತ್ತರ ತನಕ ಮೆಟ್ಟಿಲು ಮಾಡಿದ್ದರಂತೆ. ಅದಕ್ಕೆ ಜೋನ್ ಸಿಸ್ಟಮ್ ಅನ್ನುತ್ತಾರೆ. ಯಾವ ಕಪ್ಪು ಯಾವ ಮೆಟ್ಟಿಲ ಮೇಲೆ ಕೂರಬೇಕು ಅಂತ ನಾವು ಹೇಳಬೇಕು, ಕ್ಯಾಮೆರಾ ಅಲ್ಲ. ಕಾಕಾ ಈ ಹೆಸರು ಕೇಳಿಲ್ಲ. ಆದರೆ ಕೋಟು-ಧೋತರದ ಲೆಕ್ಕವೂ ಅದೇ ಅಲ್ವಾ? ಕಾಕಾ, ಪಾಠಕ್ಕೆ ಥ್ಯಾಂಕ್ಸ್. "ಗ್ಯಾದರಿಂಗ್ ಆದಮ್ಯಾಲೆ ಕೊಡು" ಅಂತ ಹಳೇ ಕ್ಯಾನನ್ 1300ಡಿ ಕ್ಯಾಮೆರಾ ನನ್ನ ಕೊರಳಿಗೆ ಹಾಕಿದ್ದಕ್ಕೆ ಇನ್ನೂ ದೊಡ್ಡ ಥ್ಯಾಂಕ್ಸ್.

ಆಯಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಥ್ಯಾಂಕ್ಸ್ ಅಂದರೆ "ಹುಚ್ಚಿ" ಅನ್ನುತ್ತಾಳೆ. ನಸುಕಿನಲ್ಲಿ ಒಬ್ಬಳೇ ಹೊಲಕ್ಕೆ ಹೋಗಲು ಅವ್ವ ಬಿಡುತ್ತಿರಲಿಲ್ಲ. ಆಯಿ ಕಂಬಳಿ ಹೊದ್ದು ಜೊತೆಗೆ ಬಂದಳು. ಒಂದು ದಿನವೂ ಬೇಡ ಅನ್ನಲಿಲ್ಲ. ಬಿತ್ತಿದ ಹೊಲದೊಳಗೆ ಕಾಲಿಡಲು ಮಾತ್ರ ಬಿಡಲಿಲ್ಲ. "ಸಾಲ ತುಳೀಬ್ಯಾಡ, ಬದುವಿನ ಮ್ಯಾಲೆ ನಿಂದ್ರು." ಹೀಗಾಗಿ ನನ್ನ ಬಹುಪಾಲು ಫೋಟೋ ಬದುವಿನ ಮೇಲಿನವೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಆದರೆ ಒಂದೇ ಕಡೆ ನಿಂತಿದ್ದರಿಂದಲೇ ಬದಲಾಗುವುದೆಲ್ಲ ಕಣ್ಣಿಗೆ ಬಿತ್ತು. ಜುಲೈನಲ್ಲಿ ಹೆಸರು. ಅದು ಕಿತ್ತ ಮೇಲೆ ಹರಗಿದ ಬರಿ ನೆಲ. ಸೆಪ್ಟೆಂಬರ್ ಮಳೆ ಧೂಳನ್ನೆಲ್ಲ ತೊಳೆದಾಗ ಕಪ್ಪತಗುಡ್ಡ ಇದ್ದಕ್ಕಿದ್ದಂತೆ ಹತ್ತಿರ ಬಂದು ಕೂತಂತೆ ಕಾಣುತ್ತದೆ. ಆಮೇಲೆ ಅರ್ಧಕ್ಕೆ ಬಿಳಿ ಜೋಳ, ಅರ್ಧಕ್ಕೆ ಕಡಲೆ, ದನ ನುಗ್ಗದಂತೆ ಸುತ್ತ ಮುಳ್ಳಿನ ಕುಸುಬೆ. ಜೋಳ ಕಿತ್ತು ನೆಲ ಒಣಗಿತೋ, ಎರಿ ಬಿರುಕು ಬಿಡುತ್ತದೆ. ನನ್ನ ಗೇಣು ಪೂರ್ತಿ ಒಳಗೆ ಹೋಗುವಷ್ಟು. ನೀರು ಕುಡಿದು ಉಬ್ಬುವ ಮಣ್ಣು ಒಣಗಿದಾಗ ಕುಗ್ಗುತ್ತದೆ ಅಂತ ವಿಜ್ಞಾನದಲ್ಲಿ ಓದಿದ್ದೆ. ಕೈ ಇಳಿಸಿ ನೋಡಿದ್ದು ಈಗಲೇ.

ಆಯಿ ನನ್ನ ಅತಿ ಕಟ್ಟುನಿಟ್ಟಿನ ಪರೀಕ್ಷಕಿ ಕೂಡ. ಬೆಂಗಳೂರಿನ ಮಾಮಾನ ಮಗ "ಕಲರ್ ಜಾಸ್ತಿ ಮಾಡು, ಆಗ ನೋಡ್ತಾರೆ" ಅಂದ. ಮಾಡಿದೆ. ಕಡಲೆ ಹೊಲ ಗಿಣಿ ಹಸಿರಾಯಿತು. ಆಯಿ ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು: "ಇದು ಯಾರ ಹೊಲ?" ಆಮೇಲೆ ಆ ಬಟನ್ ಮುಟ್ಟಿಲ್ಲ.

ಇನ್ನೊಂದು ಪಜೀತಿ ಹೇಳಲೇಬೇಕು. ಎಳ್ಳ ಅಮಾವಾಸ್ಯೆ ದಿನ ಚರಗ ಚೆಲ್ಲಲು, ಅಂದರೆ ಅಡುಗೆಯನ್ನು ಹೊಲದಲ್ಲಿ ಎರಚಿ ಭೂತಾಯಿಗೆ ಅರ್ಪಿಸಲು, ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ. ನಾನು ಇಬ್ಬನಿ ಆರುವ ಮೊದಲೇ ಕಡಲೆ ಪಕ್ಕ ಕೂತು ಫೋಟೋ ತೆಗೆಯುತ್ತಿದ್ದೆ. ಲೆನ್ಸ್ ಮಂಜಾಯಿತು ಅಂತ ಓಡನಿಯಿಂದ ಒರೆಸಿದೆ. ಓಡನಿ ಕಡಲೆ ಗಿಡಕ್ಕೆ ತಾಗಿ ಒದ್ದೆಯಾಗಿತ್ತು. ಕಡಲೆ ಗಿಡದ ಇಬ್ಬನಿ ಬರೀ ನೀರಲ್ಲ, ಹುಳಿ. ನಸುಕಿನಲ್ಲಿ ಬಟ್ಟೆ ಹಾಸಿ, ಹಿಂಡಿ ಇಟ್ಟುಕೊಳ್ಳುವವರೂ ಇದ್ದಾರೆ. ಆ ಹುಳಿಯನ್ನು ನಾನು ಲೆನ್ಸಿಗೆ ಬಳಿದಿದ್ದೆ! ಆ ದಿನದ ಫೋಟೋದಲ್ಲೆಲ್ಲ ಸೂರ್ಯನ ಸುತ್ತ ಮಬ್ಬು. ಕಾಕಾ ಬೈಯುತ್ತಲೇ ಲೆನ್ಸ್ ತೊಳೆದುಕೊಟ್ಟರು. ಒಂದನ್ನು ಮಾತ್ರ ಉಳಿಸಿಕೊಂಡೆ. ಹನ್ನೆರಡರಲ್ಲಿ ಒಂಬತ್ತನೆಯದು, ಆಯಿ ಚರಗ ಚೆಲ್ಲುತ್ತಿರುವುದು. ಅದನ್ನು ನೋಡಿದವರು "ಮಂಜು ಚೆನ್ನಾಗಿ ಬಂದಿದೆ" ಅಂದರು. ಮಂಜಲ್ಲ ಸ್ವಾಮಿ, ಕಡಲೆ ಹುಳಿ.

ಜನವರಿಯ ಒಂದು ಭಾನುವಾರ ಸರ್ ನಮ್ಮನ್ನು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕರೆದೊಯ್ದರು. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ದೂರದ್ದನ್ನು ಹತ್ತಿರ ತಾರದ ನನ್ನ 18-55 ಲೆನ್ಸಿನಲ್ಲಿ ಅವು ಎಳ್ಳು ಚೆಲ್ಲಿದಂತೆ ಕಂಡವು. ಮುಖ ಸಣ್ಣದಾಯಿತು. "ಹಕ್ಕಿ ಬ್ಯಾಡ, ಕೆರಿ ತಗಿ" ಅಂದರು ಸರ್. ಹಾಗೇ ಮಾಡಿದೆ. ಅದು ನನ್ನ ಜಾಗವಲ್ಲ, ಹನ್ನೆರಡರಲ್ಲಿ ಸೇರಲಿಲ್ಲ. ಆದರೆ ಎಳ್ಳು ಚೆಲ್ಲಿದ ಆ ಫೋಟೋ ಈಗ ಅಪ್ಪನ ಮೊಬೈಲ್‌ನಲ್ಲಿ ವಾಲ್‌ಪೇಪರ್. ಅಪ್ಪ, ಮೊಬೈಲ್‌ಗೂ, ಪ್ರಿಂಟ್ ಹಾಕಿಸಿದ ದುಡ್ಡಿಗೂ ಥ್ಯಾಂಕ್ಸ್. ಅವ್ವ, ಕೆಸರಿನ ಬಟ್ಟೆಗೆ ಬೈದರೂ ತೊಳೆದಿದ್ದಕ್ಕೆ. ತಮ್ಮ, ನಿನಗೆ ಏನೂ ಇಲ್ಲ. ನೀನು ಟ್ರೈಪಾಡ್ ಬದಲು ಇಟ್ಟಿದ್ದ ಜೋಳದ ಚೀಲ ಬಿಚ್ಚಿ ಕೋಳಿಗೆ ಹಾಕಿದ್ದು ನೆನಪಿದೆ.

ಕೊನೆಗೆ ಕೂರಿಗೆ ಅಜ್ಜ. ನಮ್ಮ ಹೊಲ ಬಿತ್ತಿಕೊಡುವವರು. ಸಪಾಟ ನೆಲದಲ್ಲಿ ನಿಂತು ನೋಡಿದರೆ ಸಾಲುಗಳೆಲ್ಲ ಒಂದರ ಮೇಲೊಂದು ಕೂತು ಬರೀ ಪಟ್ಟಿ ಕಾಣುತ್ತದೆ. ಎತ್ತರ ಬೇಕು. ಬಿತ್ತನೆ ಮುಗಿದ ಸಂಜೆ ಅಜ್ಜ ಚಕ್ಕಡಿಯನ್ನು ಬದುವಿನ ಪಕ್ಕ ನಿಲ್ಲಿಸಿ "ಹತ್ತು" ಅಂದರು. ಎತ್ತುಗಳ ಮೂಗುದಾರ ಹಿಡಿದು ಕಾಲು ಗಂಟೆ ಅಲುಗಾಡದಂತೆ ನಿಂತರು. ಬಿಸಿಲು ಓರೆಯಾಗಿತ್ತು, ಪ್ರತಿ ಸಾಲಿಗೂ ಒಂದೊಂದು ನೆರಳು. ನಡುವೆ ಒಂದು ಕಡೆ ಸಾಲುಗಳು ಮೆಲ್ಲಗೆ ಬಾಗಿ ಜಾಲಿ ಗಿಡದ ಕಡೆ ಹೋಗಿದ್ದವು. "ಈ ಬಾಗೇ ಕಣ್ಣನ್ನ ಎಳಕೊಂಡ್ ಹೋಗತೈತಿ" ಅಂತ ಸರ್ ಹೊಗಳಿದ್ದು ಆ ಫೋಟೋವನ್ನೇ.

ಗ್ಯಾದರಿಂಗ್ ದಿನ ಅಜ್ಜ ಬಂದಿದ್ದರು. ಎಲ್ಲ ಫೋಟೋ ದಾಟಿ ಅದರ ಮುಂದೆ ನಿಂತರು. ಬಾಗಿದ ಸಾಲಿನ ಮೇಲೆ ಬೆರಳಿಟ್ಟರು. "ತಂಗೀ, ಇಲ್ಲೆ ಎಡಗಡಿ ಎತ್ತು ಬೆದರಿತ್ತ. ಸಾಲ ಸೊಟ್ಟಾಗೇತಿ. ಇದನ್ನ ಮಂದಿ ಮುಂದ ಯಾಕ ಹಾಕೀದಿ?" ಅವರ ಮುಖ ನಿಜವಾಗಿಯೂ ಕೆಂಪಾಗಿತ್ತು. ನಾನು ಏನೋ ಸಮಾಧಾನ ಹೇಳಲು ಹೋದೆ. ಕೇಳಲಿಲ್ಲ. "ಈ ಸಲ ನೆಟ್ಟಗ ಬಿತ್ತತೀನಿ. ಆವಾಗ ಬಾ, ಚಕ್ಕಡಿ ನಿಂದ್ರಸ್ತೀನಿ" ಅಂದರು.

ಬರ್ತೀನಿ ಅಜ್ಜಾ. ಕ್ಯಾಮೆರಾ ಕಾಕಾನ ಅಂಗಡಿಗೆ ವಾಪಸ್ ಹೋಗಿದೆ. ಬಿತ್ತನೆ ಹೊತ್ತಿಗೆ ಎರಡು ದಿನ ಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ.