ಹಾಲಿಲ್ಲದ ಊರಿನ ಅಜ್ಜಿ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ‘ಬೇರೆಯವರ ಕಾದಂಬರಿಗೆ ವಿಮರ್ಶೆ ಬರೆಯುತ್ತ ಕೂತರೆ ನಿನ್ನದು ಮುಗಿಯುವುದು ಯಾವಾಗ?’ ಎಂದು ಕೇಳಿದ್ದೀಯ. ಕೇಳುವ ಹಕ್ಕು ನಿನಗಿದೆ. ಎರಡು ಅಧ್ಯಾಯ ಓದಿ ಮೂರನೆಯದಕ್ಕೆ ಕಾಯುತ್ತಿರುವವನು ಸದ್ಯಕ್ಕೆ ನೀನೊಬ್ಬನೇ. ಮೂರನೇ ಅಧ್ಯಾಯ ತಡವಾದದ್ದು ವಿಮರ್ಶೆಯಿಂದಲೇ, ನಿಜ. ಆದರೆ ಹೇಗೆ ತಡವಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಬಗ್ಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. 1969ರ ವೈಜ್ಞಾನಿಕ ಕಾದಂಬರಿ. ಕಾಲೇಜಿನ ದಿನಗಳಲ್ಲಿ ಓದಿದ್ದಾಗ ಮನಸ್ಸಿನಲ್ಲಿ ಉಳಿದದ್ದು ಅದರ ದೊಡ್ಡ ಕಲ್ಪನೆ ಮಾತ್ರ: ಸದಾ ಹಿಮ ಕವಿದ ಗೆಥೆನ್ ಎಂಬ ಗ್ರಹ, ಅಲ್ಲಿನ ಜನಕ್ಕೆ ಹೆಣ್ಣು ಗಂಡೆಂಬ ಭೇದವೇ ಇಲ್ಲ, ತಿಂಗಳಲ್ಲಿ ಕೆಲವೇ ದಿನ ಎರಡರಲ್ಲೊಂದು ಆಗುತ್ತಾರೆ. ಈ ಸಲ ಪೆನ್ಸಿಲ್ ಹಿಡಿದು ಓದಿದೆ. ಆಗ ಕಣ್ಣು ನಿಂತದ್ದು ಊಟದ ಮೇಜಿನ ಮೇಲಿನ ಒಂದು ಪುಟ್ಟ ಸಲಕರಣೆಯ ಮೇಲೆ. ಒಂದು ಗುಟುಕಿಗೂ ಇನ್ನೊಂದು ಗುಟುಕಿಗೂ ನಡುವೆ ಲೋಟದಲ್ಲಿ ಹಾಲಿಗೆ ಕೆನೆ ಕಟ್ಟಿದ ಹಾಗೆ ಮಂಜುಗಡ್ಡೆ ಕಟ್ಟುತ್ತದಲ್ಲ, ಅದನ್ನು ಕುಟ್ಟಿ ಒಡೆಯುವುದಕ್ಕೆ ಇಟ್ಟದ್ದು ಅದು. ಚಳಿಯನ್ನು ಡಿಗ್ರಿಯ ಲೆಕ್ಕದಲ್ಲಿ ಹೇಳಿದ್ದರೆ ನಾನು ಪುಟ ತಿರುಗಿಸಿ ಮರೆಯುತ್ತಿದ್ದೆ. ಈ ಸಲಕರಣೆ ನನ್ನ ಕೈಯಲ್ಲೇ ಇದ್ದಂತಿದೆ, ಈಗಲೂ.

ಇನ್ನೊಂದು. ಆ ಜನರ ಹತ್ತಿರ ರೇಡಿಯೋ ಇದೆ, ವಿದ್ಯುತ್ತಿನಿಂದ ಓಡುವ ವಾಹನಗಳಿವೆ, ವಿಮಾನ ಇಲ್ಲ. ಯಾಕೆ ಹೇಳು? ಆ ಗ್ರಹದಲ್ಲಿ ಹಾರುವ ಜೀವಿಯೇ ಇಲ್ಲ. ಹಕ್ಕಿಯನ್ನೇ ಕಾಣದವರಿಗೆ ಮನುಷ್ಯ ಹಾರಬಹುದು ಎಂಬ ಆಸೆಯಾದರೂ ಎಲ್ಲಿಂದ ಹುಟ್ಟಬೇಕು! ಇದನ್ನು ಓದಿ ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ನಿಂತೆ. ಕಾಗೆಗಳು ಕೂಗುತ್ತಿದ್ದವು. ಒಂದು ಲೋಕ ಕಟ್ಟುವಾಗ ಏನನ್ನು ಇಡುತ್ತೇವೆ ಎನ್ನುವಷ್ಟೇ ಏನನ್ನು ತೆಗೆಯುತ್ತೇವೆ ಎನ್ನುವುದೂ ಮುಖ್ಯ, ಮತ್ತು ತೆಗೆದ ಮೇಲೆ ಅದರ ಬೇರು ಎಲ್ಲೆಲ್ಲಿ ಹಬ್ಬಿತ್ತೋ ಅಲ್ಲೆಲ್ಲ ಅಗೆಯಬೇಕು.

ಅದೇ ರಾತ್ರಿ ನನ್ನ ಹಸ್ತಪ್ರತಿ ತೆಗೆದೆ. ನಿನಗೆ ಗೊತ್ತಲ್ಲ, ನನ್ನ ಕತೆಯ ಊರಿನಲ್ಲಿ ದನಕರು ಅಳಿದು ಎಷ್ಟೋ ತಲೆಮಾರುಗಳಾಗಿವೆ. ಮೂರನೇ ಅಧ್ಯಾಯದಲ್ಲಿ ಮೊಮ್ಮಗಳು ಬದುಕಿ ಬಂದದ್ದನ್ನು ಕಂಡು ಅಜ್ಜಿ ಹೇಳುವ ಮಾತು: ‘ಹಾಲು ಕುಡಿದಷ್ಟು ಸಂತೋಷವಾಯಿತು.’ ಆರು ತಿಂಗಳಿಂದ ಅದು ಅಲ್ಲೇ ಇತ್ತು. ಹತ್ತಾರು ಸಲ ಓದಿದ್ದೇನೆ, ಒಮ್ಮೆಯೂ ಕಣ್ಣಿಗೆ ಬೀಳಲಿಲ್ಲ. ನಮ್ಮ ಮಾತಿನ ತುಂಬ ಹಸು, ಹಾಲು, ಮಳೆ, ಗದ್ದೆ. ಬೇರೆ ಲೋಕ ಕಟ್ಟಲು ಹೊರಟರೆ ಅವು ಹಿಂದಿನ ಬಾಗಿಲಿಂದ ಒಳಗೆ ಬಂದುಬಿಡುತ್ತವೆ. ಇಡೀ ಅಧ್ಯಾಯವನ್ನು ಮತ್ತೆ ಬರೆಯಲು ಕೂತೆ. ತಡವಾದದ್ದು ಇದಕ್ಕೆ.

ಇನ್ನು ಸರ್ವನಾಮದ ಸಂಗತಿ. ಇದನ್ನು ನಿನಗೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಲೆ ಗ್ವಿನ್ ಆ ಜನರನ್ನೆಲ್ಲ ಇಂಗ್ಲಿಷಿನ ‘ಹೀ’ ಎಂದೇ ಕರೆದರು. ಹಾಗಾಗಿ ಓದುವವರ ಕಣ್ಣಿಗೆ ಎಲ್ಲರೂ ಗಂಡಸರಾಗಿಯೇ ಕಾಣುತ್ತಾರೆ. ಈ ಆಕ್ಷೇಪಕ್ಕೆ 1976ರ ಒಂದು ಪ್ರಬಂಧದಲ್ಲಿ ಅವರು ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡರು. ಹತ್ತು ವರ್ಷ ದಾಟಿದ ಮೇಲೆ ಅದೇ ಪ್ರಬಂಧಕ್ಕೆ ಮರಳಿ, ಹಳೆಯ ವಾಕ್ಯಗಳನ್ನು ಅಳಿಸದೆ, ಅವುಗಳ ಪಕ್ಕದಲ್ಲೇ ತಮ್ಮ ಬದಲಾದ ಅಭಿಪ್ರಾಯವನ್ನು ಬರೆದು ಸೇರಿಸಿದರು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಅಂಥ ದೊಡ್ಡ ಲೇಖಕಿ ತನ್ನ ಪುಸ್ತಕವನ್ನು ತಾನೇ ಹೀಗೆ ವಿಮರ್ಶಿಸಿಕೊಂಡದ್ದು ನನಗೆ ಕಾದಂಬರಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಕನ್ನಡದಲ್ಲಾದರೆ? ಆ ಕಾದಂಬರಿಯಲ್ಲಿ ರಾಜ ಬಸುರಾಗುವ ಸಂದರ್ಭವೊಂದಿದೆ. ‘ಬಸುರಿ’ ಎಂದರೆ ಹೆಣ್ಣಾಗಿಬಿಡುತ್ತದೆ. ‘ದೊರೆಗಳು ಬಸುರಾಗಿದ್ದಾರೆ’ ಎಂದು ನೋಡು, ಎಲ್ಲೂ ತಡೆಯುವುದಿಲ್ಲ. ‘ಅವರು’ ಎಂಬ ಒಂದೇ ಪದ ಲಿಂಗವನ್ನು ಮರೆಸುತ್ತದೆ, ಕ್ರಿಯಾಪದವೂ ಗುಟ್ಟು ಬಿಟ್ಟುಕೊಡುವುದಿಲ್ಲ. ಆದರೆ ‘ಅವರು’ ಗೌರವದ ಜೊತೆಗೆ ದೂರವನ್ನೂ ತರುತ್ತದೆ. ಕತೆಯ ಕೊನೆಯ ಭಾಗದಲ್ಲಿ ಭೂಮಿಯಿಂದ ಬಂದ ರಾಯಭಾರಿ ಗೆನ್ಲಿ ಆಯ್ ಮತ್ತು ಆ ನಾಡಿನ ಎಸ್ತ್ರಾವೆನ್, ಇಬ್ಬರೇ, ಜಾರುಬಂಡಿ ಎಳೆದುಕೊಂಡು ಸುಮಾರು 80 ದಿನ ಹಿಮದ ಬಯಲು ದಾಟುತ್ತಾರೆ. ರಾತ್ರಿ ಒಂದೇ ಡೇರೆ, ಒಂದೇ ಒಲೆ. ಅಲ್ಲೂ ‘ಅವರು, ಇವರು’ ಎಂದರೆ ಹೇಗೆ? ಆಮೇಲೆ ಹೊಳೆಯಿತು: ‘ನೀನು’ ಎಂಬುದಕ್ಕೆ ಲಿಂಗವೇ ಇಲ್ಲ! ಡೇರೆಯೊಳಗೆ ಒಂದು ರಾತ್ರಿ ಗೆನ್ಲಿ ‘ನೀವು’ ಬಿಟ್ಟು ‘ನೀನು’ ಎನ್ನಲಿ, ಅಷ್ಟು ಸಾಕು. ಇಂಗ್ಲಿಷಿಗೆ ಈ ದಾರಿ ಇಲ್ಲ. ಯಾರಾದರೂ ಇದನ್ನು ಕನ್ನಡಕ್ಕೆ ತಂದರೆ ಆ ಒಂದು ಮಾತು ಎಲ್ಲಿ ಬದಲಾಗುತ್ತದೆ ಎಂದು ಮೊದಲು ಹುಡುಕುತ್ತೇನೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಹೊಸಬರೊಬ್ಬರ ಮೊದಲ ವೈಜ್ಞಾನಿಕ ಕಾದಂಬರಿಯ ಬಗ್ಗೆ ‘ವಿಜ್ಞಾನ ಸಾಲದು’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದೆ. ಎಂಥ ಮಾತು ಅದು! ಕಾರಂತರ ಮೂಕಜ್ಜಿಗೆ ಯಾವ ವಿಜ್ಞಾನವಿತ್ತು? ಅವಳಿಗಿದ್ದದ್ದು ಒಂದು ಕಟ್ಟಳೆ: ಮೊಮ್ಮಗ ಸುಬ್ಬರಾಯ ತಂದ ವಸ್ತುವನ್ನು ಕೈಯಿಂದ ಮುಟ್ಟಿದರೆ ಅದರ ಹಿಂದಿನ ಕಾಲ ಕಾಣುತ್ತದೆ. ಆ ಕೈ, ಆ ಸ್ಪರ್ಶ ಇರುವುದರಿಂದಲೇ ನಾವು ಅಜ್ಜಿಯನ್ನು ನಂಬುತ್ತೇವೆ. ಆ ಹೊಸಬರ ಲೋಕಕ್ಕೂ ಅದರದೇ ಕಟ್ಟಳೆ ಇತ್ತು, ಅದನ್ನು ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ. ಪುಸ್ತಕವನ್ನು ಮತ್ತೆ ಓದಿದ್ದೇನೆ. ಹಳೆಯ ಬರಹವನ್ನು ಹಾಗೇ ಇಟ್ಟು, ಕೆಳಗೆ ಹೊಸದನ್ನು ಬರೆಯುತ್ತಿದ್ದೇನೆ. ಲೆ ಗ್ವಿನ್ ಮಾಡಿದ ಹಾಗೆ.

ಅಧ್ಯಾಯವನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಹದಿನಾಲ್ಕನೇ ಪುಟದಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದೆ. ಮೊಮ್ಮಗಳು ಹೊಸ್ತಿಲಲ್ಲಿ ನಿಂತಿದ್ದಾಳೆ, ಅಜ್ಜಿ ಏನೋ ಹೇಳಬೇಕು. ಹಾಲು ಕಾಣದ, ಹಸು ಕಾಣದ ಆ ಊರಿನಲ್ಲಿ ಹೊಟ್ಟೆ ತಂಪಾದಾಗ ಜನ ಏನೆನ್ನುತ್ತಾರೋ ನನಗಿನ್ನೂ ಹೊಳೆದಿಲ್ಲ. ನಿನಗೆ ಹೊಳೆದರೆ ಪೆನ್ಸಿಲ್ಲಿನಲ್ಲಿ ಬರೆದು ಕಳಿಸು.

ನಿನ್ನ ಗೆಳೆಯ